ಭಾವನ ಕೋಟಾ, ನನ್ನ ಕೋಡುಬಳೆ

ನಮ್ಮ ಭಾವನ ಕಣ್ಣಿಗೆ ಮೆಲ್ಬರ್ನ್ ಒಂದು ಹಿಂದುಳಿದ ರಾಷ್ಟ್ರ. ನಾನು ಅಲ್ಲಿಯ ಪ್ರಜೆ!

ತಪ್ಪು ಅವರದಲ್ಲ, ಕೆಲಸದ್ದು. ಹಿಂದುಳಿದ ದೇಶಗಳಿಂದ ಬರುವ ಸರಕಿಗೆ ಎಷ್ಟರವರೆಗೆ ಸುಂಕದ ರಿಯಾಯಿತಿ ಎಂದು ಸಿಡ್ನಿಯ ಕಚೇರಿಯೊಂದರಲ್ಲಿ ಕೂತು ಕೋಟಾ ಗೊತ್ತುಮಾಡುವುದೇ ಅವರ ಹೊಟ್ಟೆಪಾಡು. ಅಂಥವರಿಗೆ ಯಾರೋ ಪುಣ್ಯಾತ್ಮರು ಅಲ್ಲಿಯ ಕನ್ನಡದವರ ದೀಪಾವಳಿ ಮೇಳದ ತಿಂಡಿ ಮೇಜುಗಳ ಉಸ್ತುವಾರಿ ವಹಿಸಿಬಿಟ್ಟರು. ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸಿದಂತಾಯಿತು.

ಭಾವನ ಲೆಕ್ಕದಲ್ಲಿ ಅಡುಗೆಯಲ್ಲಿ ಪಳಗಿದವರು ಮುಂದುವರಿದ ರಾಷ್ಟ್ರ, ಹಾಲ್ ಬಾಡಿಗೆಯಲ್ಲಿ ಪಾಲು ಕೊಡಬೇಕು. ಈಗಷ್ಟೇ ಸೌಟು ಹಿಡಿದವರು ಹಿಂದುಳಿದ ರಾಷ್ಟ್ರ, ಅವರಿಗೆ ಮಾಫಿ. ಆದರೆ ಮೂವತ್ತೇ ಪ್ಯಾಕೆಟ್. ಮೂವತ್ತೊಂದನೆಯದು ಮೇಜಿನ ಮೇಲೆ ಕಾಣಕೂಡದು. ಸ್ಕೋಫೀಲ್ಡ್ಸ್‌ ಬಡಾವಣೆಯ ಆಂಟಿಯೊಬ್ಬರ ಪುಳಿಯೋಗರೆ ಎರಡನೇ ವರ್ಷ ಅರ್ಧ ಗಂಟೆಯಲ್ಲಿ ಖಾಲಿಯಾಯಿತು.

"ಕಂಗ್ರಾಟ್ಸ್ ಮೇಡಂ, ನೀವು ಮುಂದುವರಿದ್ರಿ. ಮುಂದಿನ ಸಲದಿಂದ ಪಾಲು ಕೊಡ್ಬೇಕು" ಎಂದರು ಭಾವ.

"ಹಾಗಾದ್ರೆ ಮುಂದಿನ ಸಲ ಉಪ್ಪು ಜಾಸ್ತಿ ಹಾಕ್ತೀನಿ ಬಿಡಿ" ಎಂದರು ಆಂಟಿ.

ಕಟ್ಟಿಕೊಂಡ ಹೆಂಡತಿಯನ್ನಾದರೂ ಬಿಟ್ಟರೇ? ನಮ್ಮಕ್ಕನ ಚಕ್ಕುಲಿಗೂ ವರ್ಷಾವರ್ಷ ಪಾಲು ವಸೂಲಿ. "ನನ್ನ ಅಡುಗೆಮನೆ ಅಷ್ಟು ಮುಂದುವರಿದಿದ್ರೆ ಹೊಸ ಮಿಕ್ಸಿ ಯಾಕ್ರೀ ಬರ್ಲಿಲ್ಲ?" ಎಂದು ಅವಳು ಕೇಳಿದರೆ ಮಾತ್ರ ಭಾವನಿಗೆ ಕಿವಿ ಕೇಳಿಸುವುದಿಲ್ಲ.

ಒಂದು ವರ್ಷ ಮೆಲ್ಬರ್ನ್‌ನಲ್ಲಿ ನನ್ನ ಕೆಲಸ ಹೋಗಿತ್ತು. ಕೋಡುಬಳೆ ಮಾರಿ ಬದುಕೋಣ ಎಂದು ಹೊರಟಿದ್ದೆ. ಸಿಡ್ನಿಯ ಪ್ಯಾರಮಟ್ಟಾದ ಅಂಗಡಿಯವರೊಬ್ಬರು, "ಮೇಳದಲ್ಲಿ ಅರವತ್ತು ಪ್ಯಾಕೆಟ್ ಹೋದ್ರೆ ನನ್ನ ಅಂಗಡೀಲಿ ಇಡ್ತೀನಿ. ಸಂಜೆ ಬಂದು ನೋಡ್ತೀನಿ" ಎಂದಿದ್ದರು. ನಕ್ಷೆ ಪುಸ್ತಕ ಪಕ್ಕದ ಸೀಟಿನಲ್ಲಿ ಹರಡಿಕೊಂಡು ಒಂಬತ್ತು ಗಂಟೆ ಕಾರು ಓಡಿಸಿ ಸಿಡ್ನಿಗೆ ಬಂದೆ. ಭಾವ ಮೂವತ್ತು ಎಣಿಸಿ, ಉಳಿದದ್ದನ್ನು ಮೇಜಿನ ಕೆಳಗೆ ತಳ್ಳಿದರು.

"ಭಾವ, ನಾನು ನಿಮ್ಮ ನಾದಿನಿ."

"ಗೊತ್ತು ಕಣಮ್ಮ. ನಿನ್ನ ಬಿಟ್ರೆ ನಾಳೆ ಎಲ್ರೂ ನನ್ನ ನಾದಿನೀರೇ ಆಗ್ತಾರೆ."

ಮಧ್ಯಾಹ್ನಕ್ಕೆ ನನ್ನ ಮೂವತ್ತೂ ಖಾಲಿ. ಜನ ಕೇಳುತ್ತಿದ್ದಾರೆ, ಕೋಡುಬಳೆ ಕಾಲಬುಡದಲ್ಲೇ ಇದೆ, ಕೊಡುವಂತಿಲ್ಲ! ನನಗೆ ಸಿಟ್ಟು ನೆತ್ತಿಗೇರಿತ್ತು. ಅಷ್ಟರಲ್ಲಿ ಭಾವನೇ ಬಂದು, ಬಗ್ಗಿ, ಉಳಿದ ಪ್ಯಾಕೆಟ್‌ಗಳನ್ನು ಮೇಲೆ ಜೋಡಿಸತೊಡಗಿದರು.

"ನಿಮ್ಮ ರೂಲ್ಸು?"

"ರೂಲ್ಸ್ ಪ್ರಕಾರಾನೇ. ಕೋಟಾ ಇರೋದು ಇಲ್ಲಿಯವರ ಸರಕನ್ನ ಕಾಪಾಡೋಕೆ. ಇವತ್ತು ಇಲ್ಲಿಯವರ ಕುರುಕಲು ತಿಂಡಿ ಎಲ್ಲಿದೆ ತೋರ್ಸು."

ತಿರುಗಿ ನೋಡಿದೆ. ಬೆಳಗ್ಗೆ ಚಕ್ಕುಲಿ ತುಂಬಿದ್ದ ಅಕ್ಕನ ಮೇಜು ಬರಿದಾಗಿತ್ತು. ಎಲ್ಲ ಮಾರಿರಬೇಕು ಅಂದುಕೊಂಡೆ.

ಸಂಜೆಯೊಳಗೆ ಅರವತ್ತೂ ಹೋದವು. ಅಂಗಡಿಯವರು ಬಂದು ನೋಡಿ ಒಪ್ಪಿಕೊಂಡರು. ಖಾಲಿ ಡಬ್ಬ ಇಡಲು ಭಾವನ ಕಾರಿನ ಡಿಕ್ಕಿ ತೆಗೆದರೆ, ಅಕ್ಕ ವಾರವೆಲ್ಲ ಒತ್ತಿ ಕರಿದ ಚಕ್ಕುಲಿ ಅಲ್ಲಿತ್ತು, ಡಬ್ಬಗಟ್ಟಲೆ. ನನ್ನ ಕೋಡುಬಳೆ ಹೋಗಲೆಂದು ಇಬ್ಬರೂ ಸೇರಿ ಅದನ್ನು ಮೇಜಿನಿಂದ ಎತ್ತಿಟ್ಟಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಒಂದು ತಿಂಗಳು ಭಾವ ಕೆಲ್ಲಿವಿಲ್‌ನ ಮನೆಯಿಂದ ಆಫೀಸಿಗೆ ದಿನಾ ಚಕ್ಕುಲಿಯನ್ನೇ ಊಟಕ್ಕೆ ಕಟ್ಟಿಸಿಕೊಂಡು ಹೋದರಂತೆ.