ಹೆದರಬ್ಯಾಡ್ರಿ, ಎಸ್ಕಲೇಟರ್ ಮೇಲೆ ಕಾಲಿಡ್ರಿ

ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬಾರದ ಗಂಟೆಗಳಿವೆ, ಆದರೆ ಯಾರಾದರೊಬ್ಬರು ಹೆದರಿಕೊಂಡು ಬಾರದ ಗಂಟೆ ಇಲ್ಲ. ದಾವಣಗೆರೆ ಸ್ಟೇಷನ್ನಿನ ವಿಚಾರಣೆ ಕಿಟಕಿಯ ಹಿಂದೆ ಕೂತು ನಾನು ಇಷ್ಟು ವರ್ಷ ನೋಡಿದ್ದು ಇದನ್ನೇ. ರೈಲು ತಪ್ಪೀತೆಂದು ಕೆಲವರಿಗೆ ಭಯ, ಹತ್ತಿದ ರೈಲು ಬೇರೆಯದಾದೀತೆಂದು ಕೆಲವರಿಗೆ. "ಹೆದರಬ್ಯಾಡ್ರಿ" ಎನ್ನುವುದೇ ನನ್ನ ನೌಕರಿ.

ಆದರೆ ಒಂದು ಗುಟ್ಟು ಹೇಳಿಬಿಡುತ್ತೇನೆ. ನನ್ನಷ್ಟು ಪುಕ್ಕಲಿ ಆ ಸ್ಟೇಷನ್ನಿನಲ್ಲಿ ಇನ್ನೊಬ್ಬಳಿಲ್ಲ. ಎಸ್ಕಲೇಟರ್ ಬಂದ ದಿನದಿಂದ ನಾನು ಅದರ ಮೇಲೆ ಒಂದು ಕಾಲೂ ಇಟ್ಟಿರಲಿಲ್ಲ. ಅದು ನನ್ನ ಕಿಟಕಿಯ ಎದುರಿಗೇ ಇಡೀ ದಿನ ಹಲ್ಲು ಕಿಸಿದುಕೊಂಡು ಮೇಲೆ ಹೋಗುತ್ತಿರುತ್ತದೆ. ಅದರ ಬುಡದಲ್ಲಿ ಯಾರಾದರೂ ಹಿಂಜರಿದು ನಿಂತರೆ ನಾನು ಮೈಕಿನಲ್ಲಿ, "ಹೆದರಬ್ಯಾಡ್ರಿ. ಹಳದಿ ಗೆರೆ ತುಳೀಬ್ಯಾಡ್ರಿ, ನಡುವೆ ಕಾಲಿಡ್ರಿ, ಮುಂದೆ ನೋಡ್ರಿ, ಅಷ್ಟೇ" ಎನ್ನುತ್ತಿದ್ದೆ. ಅವರು ಹತ್ತಿ ಹೋಗುತ್ತಿದ್ದರು. ಡ್ಯೂಟಿ ಮುಗಿದ ಮೇಲೆ ನಾನು ಮಾತ್ರ ಮೆಟ್ಟಿಲು ಹತ್ತುತ್ತಿದ್ದೆ. ಯಾರಾದರೂ ಕೇಳಿದರೆ, "ಮೊಣಕಾಲಿಗೆ ವ್ಯಾಯಾಮ ಆಗಲಿ ಅಂತ" ಎನ್ನುವುದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಎಸ್ಕಲೇಟರಿಗಿಂತ ಹೆಚ್ಚಾಗಿ ನಾನು ಹೆದರುತ್ತಿದ್ದುದು ಈ ಗುಟ್ಟು ಎಲ್ಲಿ ಬಯಲಾಗುತ್ತದೋ ಎಂದು.

ಕಳಿಸಲು ಬಂದವರು

ನಮ್ಮೂರಿನಲ್ಲಿ ಒಬ್ಬರು ಪರಊರಿಗೆ ಹೊರಟರೆ ಕಳಿಸಲು ಮನೆಮಂದಿಯೆಲ್ಲ ಬರುತ್ತಾರೆ. ಮಂಡಿಪೇಟೆಯ ಅಂಗಡಿ ಯಜಮಾನರೊಬ್ಬರು ಹುಬ್ಬಳ್ಳಿಗೆ ಹೊರಟಿದ್ದರು. ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಪಕ್ಕದ ಮನೆಯವರೊಬ್ಬರು, ಹೀಗೆ ನಾಲ್ಕು ಜನ ಜೊತೆಗೆ. ರೈಲು ನಿಲ್ಲುವುದು ಎರಡೇ ನಿಮಿಷ. ಸಾಮಾನು ಹೊಂದಿಸಲು, ಸೀಟು ಒರೆಸಲು, ಬುತ್ತಿ ಇಡಲು ನಾಲ್ವರೂ ಒಳಗೆ ನುಗ್ಗಿದರು. ಯಜಮಾನರಿಗೆ ಒಂದೇ ಭಯ, ಇವರು ಇಳಿಯುವ ಮೊದಲೇ ಗಾಡಿ ಬಿಟ್ಟರೆ ಗತಿಯೇನು? ಒಳಗಿಂದ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ತಾವೇ ಕೆಳಗಿಳಿದು, ಕಿಟಕಿ ಬಡಿದು, "ಇಳೀರಿ, ಇಳೀರಿ! ಗಾಡಿ ಬಿಡ್ತೈತೆ!" ಎಂದು ಕೂಗಿದರು. ಗಾಡಿ ಬಿಟ್ಟಿತು.

ನನ್ನ ಕಿಟಕಿಗೆ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. "ಮೇಡಂ, ಟಿಕೀಟು ನನ್ನ ಕೈಯಾಗೈತೆ, ನಮ್ಮನೆಯೋರೆಲ್ಲ ರೈಲಿನಾಗೆ ಅದಾರೆ! ಟಿಕೀಟಿಲ್ಲ ಅಂತ ಹಿಡಕಂಡು ಹೋದ್ರೆ ಏನ್ ಮಾಡ್ಲಿ?"

"ಹೆದರಬ್ಯಾಡ್ರಿ" ಎಂದೆ. ಹೇಳಿ ನಾನೇ ಎರಡು ಗುಟುಕು ನೀರು ಕುಡಿದೆ. ಮುಂದಿನ ನಿಲ್ದಾಣ ಹರಿಹರ. ಅಲ್ಲಿ ನನ್ನ ಹಾಗೇ ಕಿಟಕಿಯ ಹಿಂದೆ ಕೂರುವ ಒಬ್ಬರಿದ್ದಾರೆ. ಅವರಿಗೆ ಫೋನು ಮಾಡಿದೆ. ಕಾಲು ಗಂಟೆಯ ನಂತರ ಅವರೇ ಫೋನು ಮಾಡಿದರು.

"ಸಿಕ್ರು ಮೇಡಂ. ನಾಲ್ವರೂ ಇಳಿದು ಬೆಂಚಿನ ಮ್ಯಾಲೆ ಕುಂತಾರೆ. ಬಂದಾಗ ಅಳ್ತಿದ್ರು, ಈಗ ಬುತ್ತಿ ಬಿಚ್ಚಿ ಉಣ್ತಾ ಅದಾರೆ."

ಯಜಮಾನರಿಗೆ ಹೇಳಿದೆ. ಅಷ್ಟು ಹೊತ್ತು ಹೆಂಡತಿಗಾಗಿ ಕಣ್ಣೀರು ತಂದುಕೊಂಡಿದ್ದವರು ಕಿಟಕಿಯ ಸರಳು ಹಿಡಿದು ಕೂಗಿದರು: "ರೊಟ್ಟಿ ಉಂಡ್ರೆ ಉಣ್ಲಿ ಬಿಡ್ರಿ! ಶೇಂಗಾ ಹೋಳಿಗೆ ನನಗೆ ಅಂತ ಮಾಡಿದ್ದು, ಅದಕ್ಕೆ ಕೈ ಹಾಕಬ್ಯಾಡ್ರಿ ಅನ್ರಿ!"

ಅಲುಗಾಡಿದ ಚೀಲ

"ವಾರಸುದಾರರಿಲ್ಲದ ಯಾವುದೇ ವಸ್ತುವನ್ನು ಮುಟ್ಟಬೇಡಿ" ಎಂದು ಮೈಕಿನಲ್ಲಿ ಹೇಳುವಾಗ ನನಗೇ ಬೆನ್ನು ತಣ್ಣಗಾಗುತ್ತದೆ. ಒಂದು ಮಧ್ಯಾಹ್ನ ಹಾಗೆ ಹೇಳಿ ಮುಗಿಸುತ್ತಿದ್ದಂತೆ ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಗಲಾಟೆ. ಬೆಂಚಿನ ಮೇಲೆ ಒಂದು ಗೋಣಿಚೀಲ, ಹತ್ತಿರ ಯಾರೂ ಇಲ್ಲ. ಇಲ್ಲದಿದ್ದರೆ ಹೋಗಲಿ, ಚೀಲ ಅಲುಗಾಡುತ್ತಿತ್ತು. ಜನ ಸುತ್ತ ದೂರದಲ್ಲಿ ನಿಂತರು. ಪೊಲೀಸಪ್ಪ ಬಂದ. ಅವನೂ ದೂರದಲ್ಲೇ ನಿಂತ.

"ಯಾರ್ದಿದು? ಯಾರ್ದಿದು?" ಎಂದು ಕೂಗಿದ. ಮುಂದಿನ ಸಾಲಿನಲ್ಲಿದ್ದ ಹದಡಿಯ ರೈತನೊಬ್ಬ ಎಲ್ಲರಿಗಿಂತ ಜೋರಾಗಿ, "ಹತ್ರ ಹೋಗಬ್ಯಾಡ್ರಪ್ಪೋ, ಕಾಲ ಕೆಟ್ಟೈತೆ" ಎನ್ನುತ್ತಿದ್ದ. ನಾನು ಕಿಟಕಿಯೊಳಗೆ ಕುರ್ಚಿಯ ಹಿಂದೆ ಅವಿತುಕೊಂಡಿದ್ದೆ. ಕಬ್ಬಿಣದ ಸರಳು ಇದ್ದರೂ ಕುರ್ಚಿ ಇರಲಿ ಅಂತ.

ಪೊಲೀಸಪ್ಪ ಶಿವನ ಮೇಲೆ ಭಾರ ಹಾಕಿ ಲಾಠಿ ಚಾಚಿ ಚೀಲಕ್ಕೆ ತಿವಿದ. ಒಳಗಿಂದ "ಕೊಕ್ಕೊಕ್ಕೋ" ಎಂದು ಒಂದು ಹುಂಜ ಕೂಗಿತು. ಕೂಗಿದ್ದೇ ತಡ, ಹದಡಿಯ ರೈತ ತಡೆಯಲಾರದೆ, "ಏಯ್, ಸುಮ್ಕಿರಲೇ!" ಎಂದು ಗದರಿಸಿದ. ಹುಂಜ ಸುಮ್ಮನಾಯಿತು. ಎಲ್ಲರೂ ಅವನ ಕಡೆ ತಿರುಗಿದರು.

"ನಿಂದಾ?" ಎಂದ ಪೊಲೀಸಪ್ಪ.

"ನಂದೇ ಸಾಮೀ. ಕೋಳಿಗೂ ಟಿಕೀಟು ಕೇಳ್ತಾರೇನೋ ಅಂತ ದೂರ ನಿಂತಿದ್ದೆ. ಆಮ್ಯಾಲೆ ಆ ಅಕ್ಕಾರು ಮೈಕಿನಾಗೆ ಮುಟ್ಟಬ್ಯಾಡ್ರಿ ಅಂದ್ರು. ಸರಕಾರದೋರು ಮುಟ್ಟಬ್ಯಾಡ ಅಂದ ಮ್ಯಾಲೆ ನಂದಾದ್ರೂ ಹೆಂಗೆ ಮುಟ್ಲಿ?"

ಬೀಗರ ಮರ್ಯಾದೆ

ಲಿಫ್ಟು ಹೊಸದಾಗಿ ಬಂದಾಗಿನ ಮಾತು. ಮಲೆಬೆನ್ನೂರು ಕಡೆಯ ಒಂದು ಮದುವೆ ದಿಬ್ಬಣ ಎರಡನೇ ಪ್ಲಾಟ್‌ಫಾರ್ಮಿಗೆ ಹೋಗಬೇಕಿತ್ತು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಲಿಫ್ಟಿನ ಮುಂದೆ ಬಂದು ನಿಂತರು. ಬಾಗಿಲು ತಾನಾಗಿ ತೆರೆಯಿತು. ಎರಡೂ ಕಡೆಯವರು ಒಂದು ಹೆಜ್ಜೆ ಹಿಂದೆ ಸರಿದರು.

ಹೆಣ್ಣಿನ ತಂದೆ ಕೈ ಮುಗಿದು, "ಬೀಗರು ಮೊದ್ಲು" ಎಂದರು.

ಗಂಡಿನ ತಂದೆ ಅದಕ್ಕಿಂತ ಬಗ್ಗಿ, "ಛೆ ಛೆ, ಹೆಣ್ಣು ಕೊಟ್ಟೋರು ನೀವು. ನೀವು ನಡೀರಿ" ಎಂದರು. ಬಾಗಿಲು ಮುಚ್ಚಿತು.

ಮತ್ತೆ ಗುಂಡಿ ಒತ್ತಿದರು. ಮತ್ತೆ ತೆರೆಯಿತು. "ಹಂಗಾದ್ರೆ ಅಳಿಯಂದ್ರು ಹೋಗ್ಲಿ." "ಹಿರೇರು ನಿಂತಿರುವಾಗ ಅಳಿಯ ಹೆಂಗೆ ಹೋಗ್ತಾನ್ರಿ?" ಮುಚ್ಚಿತು. ಮದುವೆಯಲ್ಲಿ ಸಿಗದ ಮರ್ಯಾದೆಯೆಲ್ಲ ಲಿಫ್ಟಿನ ಬಾಗಿಲಲ್ಲಿ ಸಿಗುತ್ತಿತ್ತು. ಅವರಲ್ಲಿ ಯಾರಿಗೂ ಧೈರ್ಯವಿಲ್ಲ ಎಂಬುದು ನನಗೆ ತಕ್ಷಣ ತಿಳಿಯಿತು. ನನ್ನ ಜಾತಿಯವರನ್ನು ನಾನು ಗುರುತಿಸದೆ ಇರುತ್ತೇನೆಯೇ?

ಅಷ್ಟರಲ್ಲಿ ರೈಲು ಬರುತ್ತಿರುವ ಘೋಷಣೆ ಆಯಿತು. ಕೊನೆಗೆ ಜೊತೆಗೆ ತಂದಿದ್ದ ಲಾಡಿನ ಬುಟ್ಟಿಯನ್ನು ಒಳಗಿಟ್ಟು, ಗುಂಡಿ ಒತ್ತಿ, ಎರಡೂ ಕಡೆಯವರು ಮೆಟ್ಟಿಲ ಮೇಲೆ ಓಡಿದರು. ಬುಟ್ಟಿಯೊಂದೇ ಮರ್ಯಾದೆಯಿಂದ ಮೇಲೆ ಹೋಗಿ ಮುಟ್ಟಿತು.

ಕುಕ್ಕುವಾಡದ ಅಜ್ಜಿ

ನಾನು ಸಿಕ್ಕಿಬಿದ್ದದ್ದು ಈ ಅಜ್ಜಿಯಿಂದ. ರಾಣೆಬೆನ್ನೂರಿನ ಮಗಳ ಮನೆಗೆ ಹೊರಟಿದ್ದ ಕುಕ್ಕುವಾಡದ ಅಜ್ಜಿ ಎಸ್ಕಲೇಟರಿನ ಬುಡದಲ್ಲಿ ಬಹಳ ಹೊತ್ತು ನಿಂತಿತ್ತು. ನಾನು ಮೈಕಿನಲ್ಲಿ ಧೈರ್ಯ ಹೇಳಿದೆ. ಅಜ್ಜಿ ನೇರ ನನ್ನ ಕಿಟಕಿಗೇ ಬಂತು.

"ನೀನು ಹತ್ತೀಯೇನವ್ವ ಅದನ್ನ?"

ಇಡೀ ಸ್ಟೇಷನ್ ಕೇಳಿಸಿಕೊಳ್ಳುತ್ತಿದೆ ಅನಿಸಿತು. "ದಿನಾ ಹತ್ತೀನಜ್ಜಿ" ಎಂದೆ.

"ಹಂಗಾದ್ರೆ ಸರಿ. ನೀನು ಹತ್ತೀಯ ಅಂದ್ಮ್ಯಾಲೆ ನಾನೂ ಹತ್ತೀನಿ."

ಅಜ್ಜಿ ಹೋಗಿ ಕಾಲಿಟ್ಟಿತು. ನನ್ನ ಸುಳ್ಳಿಗೆ ಒಂದು ಜೀವ ಬಲಿಯಾಯಿತಲ್ಲ ಎಂದು ನಾನು ಕಣ್ಣು ಮುಚ್ಚಿ ಕೂತೆ. ಬಿಟ್ಟು ನೋಡಿದರೆ ಅಜ್ಜಿ ಮೇಲೆ ನಿಂತು ನನ್ನ ಕಿಟಕಿಗೆ ಕೈ ಮುಗಿಯುತ್ತಿತ್ತು. ಇದನ್ನು ಸ್ಟೇಷನ್ ಮಾಸ್ಟರ್ ನೋಡಿಬಿಟ್ಟರು. ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. 'ಪ್ರಯಾಣಿಕರ ಭಯ ಹೋಗಲಾಡಿಸಿದ ಸಿಬ್ಬಂದಿ' ಎಂದು ಪ್ರಶಂಸಾ ಪತ್ರಕ್ಕೆ ನನ್ನ ಹೆಸರು ಬರೆದು ಕಳಿಸಿದರು. ಆ ದಿನ ನಾನು ಊಟ ಮಾಡಲಿಲ್ಲ.

ಇತಿಹಾಸ

ಹೆದರೋರ ಮೇಲೆ ಕಪ್ಪೆ ಎಸೆದಂತೆ ಇನ್ನೊಂದು ಆಜ್ಞೆ ಬಂತು: 'ನಿಲ್ದಾಣದ ಇತಿಹಾಸ ಮತ್ತು ಸೌಲಭ್ಯಗಳು' ಎಂದು ಎರಡು ಪುಟ ಬರೆದು ಸಾಹೇಬರ ಮುಂದೆ ನಾನೇ ಓದಬೇಕು.

ಸೌಲಭ್ಯ ಸುಲಭ. ಕುಡಿಯುವ ನೀರು, ವಿಶ್ರಾಂತಿ ಕೊಠಡಿ, ಗಾಲಿ ಕುರ್ಚಿ, ಲಿಫ್ಟು ಎಂದು ಬರೆದೆ. ಎಸ್ಕಲೇಟರ್ ಎಂದು ಬರೆಯುವಾಗ ಅಕ್ಷರ ವಾರೆಯಾಯಿತು. ಇತಿಹಾಸದ್ದು ಕಷ್ಟ. ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದದ್ದು, ಮಿಲ್ಲುಗಳ ಕಾಲದಲ್ಲಿ ಹತ್ತಿಯ ಅಂಡಿಗೆ-ಮೂಟೆಗಳು ಇಲ್ಲಿಂದ ಹೋಗುತ್ತಿದ್ದದ್ದು ಗೊತ್ತಿತ್ತು. ಮೊದಲ ರೈಲು ಬಂದದ್ದು ಯಾವಾಗ? ತಪ್ಪು ಇಸವಿ ಓದಿ ಸಿಕ್ಕಿಬೀಳುವ ಭಯಕ್ಕೆ ಹಿರಿಯರನ್ನು ಕೇಳುತ್ತ ಹೋದೆ.

ಹಿರಿಯ ಹಮಾಲರು, "ನಮ್ಮ ಮುತ್ತಜ್ಜ ಹುಟ್ಟೋಕೆ ಮುಂಚೇನೇ ಇತ್ತು" ಎಂದರು. ಹೊರಗಿನ ಚಹಾದಂಗಡಿಯವರು ಅದಕ್ಕಿಂತ ಹಿಂದೆ ಹೋದರು. "ಮೇಡಂ, ಈ ಸ್ಟೇಷನ್‌ಗಿಂತ ಮೊದ್ಲೇ ನಮ್ಮಂಗಡಿ ಇತ್ತು."

"ಸ್ಟೇಷನ್ ಇಲ್ಲದಾಗ ಚಾ ಯಾರಿಗೆ ಕೊಡ್ತಿದ್ರಿ?"

"ಸ್ಟೇಷನ್ ಕಟ್ಟೋರಿಗೆ!"

ಕೊನೆಗೆ ಹರಿಹರಕ್ಕೆ ಫೋನು ಮಾಡಿದೆ. "ಬರಕಳ್ರಿ ಮೇಡಂ" ಎಂದರು ಅಲ್ಲಿಯವರು. "ರೈಲು ಬಂದಿದ್ದೇ ನಮ್ಮ ಹರಿಹರಕ್ಕೆ. ನಿಮ್ಮೂರು ದಾರ್ಯಾಗೆ ಇತ್ತು, ಅದಕ್ಕೇ ನಿಲ್ಲಿಸಿದ್ರು." ನಾನು 'ಬಹಳ ಹಿಂದೆ' ಎಂದು ಬರೆದು ಕೈ ತೊಳೆದುಕೊಂಡೆ.

ದೊಡ್ಡ ಸಾಹೇಬರು

ಸಾಹೇಬರು ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ನಾನು ಎರಡು ಪುಟವನ್ನು ಒಂದೇ ಉಸಿರಿಗೆ ಓದಿದೆ.

"ಬಹಳ ಹಿಂದೆ ಅಂದರೆ ಎಷ್ಟು ಹಿಂದೆ?" ಎಂದರು.

"ನಮ್ಮ ಹಮಾಲರ ಮುತ್ತಜ್ಜನಿಗಿಂತ ಹಿಂದೆ ಸಾರ್" ಎಂದುಬಿಟ್ಟೆ. ಸ್ಟೇಷನ್ ಮಾಸ್ಟರ್ ಕೆಮ್ಮಿದರು. ಸಾಹೇಬರು ನಕ್ಕರು. "ಇತಿಹಾಸ ಇರಲಿ. ಜನರ ಭಯ ಬಿಡಿಸಿದವರು ನೀವೇ ಅಲ್ಲವೇ? ನಡೆಯಿರಿ, ಎಸ್ಕಲೇಟರ್ ಹತ್ತೋಣ."

ಜೀವ ಬಾಯಿಗೆ ಬಂತು. ಬುಡದವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಆಗ ಬೀಗರು ನೆನಪಾದರು. ಕೈ ಮುಗಿದು ಬಗ್ಗಿ, "ತಾವು ಮೊದಲು ಸಾರ್" ಎಂದೆ.

"ಇಲ್ಲ ಇಲ್ಲ, ನೀವು ದಾರಿ ತೋರಿಸಬೇಕಾದವರು. ನೀವೇ ಮೊದಲು."

ಮೆಟ್ಟಿಲುಗಳು ಒಂದರ ಹಿಂದೊಂದು ನೆಲದಿಂದ ಎದ್ದು ಬರುತ್ತಿದ್ದವು. ಹಿಂದೆ ಇಡೀ ಸಿಬ್ಬಂದಿ. ಕಾಲು ಏಳಲಿಲ್ಲ. ಪ್ರಶಂಸಾ ಪತ್ರ ಹಾಳಾಗಲಿ, ಇನ್ನು ಮೇಲೆ ಯಾವ ಮುಖ ಹೊತ್ತು ಆ ಮೈಕಿನ ಮುಂದೆ ಕೂರುವುದು? ಅಳುವೇ ಬಂತು.

ಅಷ್ಟರಲ್ಲಿ ಪಕ್ಕದಲ್ಲಿ ಒಂದು ಕೈಚೀಲ ಬಂದು ನಿಂತಿತು. ಕುಕ್ಕುವಾಡದ ಅಜ್ಜಿ! ಮತ್ತೆ ಮಗಳ ಮನೆಗೆ ಹೊರಟಿತ್ತು. ನನ್ನ ಮುಖ ನೋಡಿತು, ಕಾಲು ನೋಡಿತು.

"ದಿನಾ ಹತ್ತೀನಿ ಅಂದಿದ್ಯಲ್ಲವ್ವ" ಎಂದಿತು, ನನಗೊಬ್ಬಳಿಗೇ ಕೇಳುವಂತೆ.

ಮುಗಿಯಿತು ಎಂದುಕೊಂಡೆ. ಅಜ್ಜಿ ನನ್ನ ಕೈ ಹಿಡಿದು ಗಟ್ಟಿಯಾಗಿ, "ಹೆದರಬ್ಯಾಡವ್ವ. ಹಳದಿ ಗೆರೆ ತುಳೀಬ್ಯಾಡ, ನಡುವೆ ಕಾಲಿಡು, ಮುಂದೆ ನೋಡು, ಅಷ್ಟೇ" ಎಂದಿತು. ನನ್ನದೇ ಮಾತು, ಒಂದಕ್ಷರ ಬಿಡದೆ. ಕೈ ಎಳೆಯಿತು. ಶಿವಾ ಶಿವಾ ಎನ್ನುತ್ತ ಕಣ್ಣು ಮುಚ್ಚಿ ಕಾಲಿಟ್ಟೆ. ನೆಲ ನನ್ನನ್ನು ಎತ್ತಿಕೊಂಡು ಹೊರಟಿತು. ಅಜ್ಜಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬಳೆ ನನ್ನ ಅಂಗೈಗೆ ಒತ್ತಿ ಗುರುತು ಮೂಡಿತ್ತು.

ಮೇಲೆ ಮುಟ್ಟಿದಾಗ ಹಿಂದಿನಿಂದ ಚಪ್ಪಾಳೆ. ಸಾಹೇಬರ ಮುಖ ಅರಳಿತ್ತು. "ಎಂಥ ಪ್ರಾತ್ಯಕ್ಷಿಕೆ! ಹೆದರಿದ ಪ್ರಯಾಣಿಕರು ಹೇಗಿರುತ್ತಾರೆ, ಅವರನ್ನು ಹೇಗೆ ಹತ್ತಿಸಬೇಕು ಅಂತ ಇಬ್ಬರೂ ಎಷ್ಟು ಸಹಜವಾಗಿ ಮಾಡಿ ತೋರಿಸಿದಿರಿ! ಆ ನಡುಕ, ಆ ಬೆವರು! ಎಸ್ಕಲೇಟರ್ ಇರುವ ಎಲ್ಲ ಸ್ಟೇಷನ್ನಿಗೂ ನಿಮ್ಮನ್ನು ಕಳಿಸುತ್ತೇನೆ. ಎಲ್ಲ ಕಡೆ ಹೀಗೇ ಮಾಡಿ ತೋರಿಸಬೇಕು."

ಅವರು ಮುಂದೆ ಹೋದರು. ನಾನು ಕಂಬಕ್ಕೆ ಒರಗಿದೆ. "ಅಜ್ಜಿ, ಸುಳ್ಳು ಹೇಳಿದ್ದೆ, ತಪ್ಪಾಯ್ತು. ನೀನಿಲ್ಲದಿದ್ದರೆ ಇವತ್ತು ನನ್ನ ಗತಿ ಏನಾಗ್ತಿತ್ತು? ನಾನಂತೂ ಕಣ್ಣೇ ಬಿಡಲಿಲ್ಲ."

ಅಜ್ಜಿಯ ಕೈಯಿಂದ ಚೀಲ ಜಾರಿ ಬಿತ್ತು.

"ಯವ್ವಾ! ನೀನೂ ಮುಚ್ಚಿದ್ದ್ಯಾ? ನೀನು ನೋಡ್ತಿರ್ತೀಯ ಅಂತ ನಾನು ಕಣ್ಣು ಮುಚ್ಕಂಡೇ ಬಂದೆನಲ್ಲೇ!"