ಎಮ್ಮೆಯ ಸರಪಳಿ ಹಾಕಿಕೊಂಡ ಇಂಜಿನಿಯರು

ನನ್ನ ತಮ್ಮನಿಗೆ ಹುಚ್ಚು ಹಿಡಿದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅವನು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಗಾಡಿಗಳ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎಸೆಯುವುದು ಅವನ ಕೆಲಸ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹುತ್ತೂರಿನ ನಮ್ಮ ಮನೆಯಿಂದ ಬಸ್ಸಿಗೆ ಹೊರಟನೆಂದರೆ ಹಿರಿಯರೂ ನಿಂತು ಮಾತಾಡಿಸುತ್ತಾರೆ. ಭಾನುವಾರ ಬಂತೆಂದರೆ? ಹಿಂದುಮುಂದಾದ ಟೋಪಿ, ಮೂರು ಜನ ಹಿಡಿಸುವಷ್ಟು ದೊಗಳೆ ಅಂಗಿ, ಮನೆಯೊಳಗೂ ಕಪ್ಪು ಕನ್ನಡಕ. ಅವನು ರ‍್ಯಾಪರ್!

ಈ ಸಂಗತಿ ಗೊತ್ತಾದ ದಿನ ನಾನು ಮುದ್ದೆ ತೊಳಸುತ್ತಿದ್ದೆ. ನಮ್ಮ ಯಜಮಾನರು ಮೊಬೈಲು ಹಿಡಿದುಕೊಂಡು ಅಡುಗೆಮನೆಗೇ ಬಂದರು. "ನೋಡೇ, ಇವನ್ಯಾರೋ ನಿನ್ನ ತಮ್ಮನ ಥರಾನೇ ಅವ್ನೆ."

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಯಾವನೋ ಒಬ್ಬ ಹಣ್ಣಿನ ಕ್ರೇಟುಗಳ ಮೇಲೆ ಹತ್ತಿ ನಿಂತು, ಜೇನುಹುಳ ಓಡಿಸುವವನಂತೆ ಕೈ ಬೀಸುತ್ತಾ, ಉಸಿರೇ ತೆಗೆದುಕೊಳ್ಳದೆ ಮಾತಾಡುತ್ತಿದ್ದ. "ನಮ್ಮೋನಲ್ಲ ಬಿಡ್ರಿ. ನಮ್ಮೋನು ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು" ಎಂದೆ. ಆಮೇಲೆ ಕೊರಳು ನೋಡಿದೆ. ಬೆರಳುಗಾತ್ರದ ಚಿನ್ನದ ಸರ! ನಮ್ಮೋನೇ ಆಗಿದ್ದರೆ ಯಾರ ಮನೆಗೆ ಕನ್ನ ಹಾಕಿದನಪ್ಪಾ ಎಂದುಕೊಂಡೆ. ಇನ್ನಷ್ಟು ಹತ್ತಿರ ಹಿಡಿದು ನೋಡಿದರೆ, ಸರದ ತುದಿಯಲ್ಲಿ ಗೊತ್ತಿರುವ ಕೊಂಡಿ. ನಮ್ಮ ಎಮ್ಮೆ ಕಟ್ಟುವ ಸರಪಳಿಗೆ ಚಿನ್ನದ ಬಣ್ಣ ಹೊಡೆದು ಕೊರಳಿಗೆ ಹಾಕಿಕೊಂಡಿದ್ದ!

ಹಿಂದಿನ ಭಾನುವಾರ ಎಮ್ಮೆ ಬಿಚ್ಚಿಕೊಂಡು ಹೋಗಿ ಪಕ್ಕದವರ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಸಾಲು ಮೇಯ್ದುಬಿಟ್ಟಿತ್ತು. ಕಟ್ಟಿದ್ದು ಸರಿಯಿಲ್ಲವೆಂದು ನಾನು, ಪಾಪ ಯಜಮಾನರನ್ನು ವಾರವೆಲ್ಲ ಬಯ್ದಿದ್ದೆ. ತಮ್ಮನನ್ನು ಕರೆದು ಕೇಳಿದರೆ ಅವನು ಒಂಚೂರೂ ಗಾಬರಿಯಾಗಲಿಲ್ಲ.

"ಸರಪಳಿ ಬದಲು ಹಗ್ಗ ಕಟ್ಟಿ ಹೋಗಿದ್ದೆ ಅಕ್ಕ. ಎಮ್ಮೆ ಎಷ್ಟು ಎಳೆಯುತ್ತೆ ಅಂತ ಲೆಕ್ಕ ಹಾಕೇ ಹಗ್ಗ ತಂದಿದ್ದೆ. ಅದು ಲೆಕ್ಕಕ್ಕಿಂತ ಜಾಸ್ತಿ ಎಳೀತು."

ಗುಟ್ಟು ರಟ್ಟಾದ ಮೇಲೆ ಅವನಿಗೆ ಇನ್ನೂ ಸಲೀಸಾಯಿತು. ಅಭ್ಯಾಸಕ್ಕೆ ಆರಿಸಿಕೊಂಡ ಜಾಗ ಯಾವುದೆನ್ನುತ್ತೀರಿ? ನಮ್ಮ ರೇಷ್ಮೆ ಹುಳು ಸಾಕುವ ಮನೆ! ಕಾಲು ತೊಳೆದು, ಪಿಸುಮಾತಿನಲ್ಲಿ ಮಾತಾಡುತ್ತಾ ನಾವು ಒಳಗೆ ಹೋಗುವ ಜಾಗ ಅದು. ಗೋಡೆಗೆ ಒದ್ದೆ ಗೋಣಿ ಕಟ್ಟಿರುವುದರಿಂದ ಸದ್ದು ತಿರುಗಿ ಬರುವುದಿಲ್ಲ ಎಂಬುದು ಇಂಜಿನಿಯರ ವಿವರಣೆ. ಪಕ್ಕದ ಮನೆಯಾಕೆ ಬಂದು, "ಹುಳ ಮೇವು ಬಿಡ್ತಾವೆ ಕಣಮ್ಮಾ" ಎಂದು ಹೆದರಿಸಿ ಹೋದಳು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನೋಡಿದರೆ ಆ ಸಲ ಗೂಡು ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿ ಬಂತು!

ಯಜಮಾನರು ಹಿಗ್ಗಿಹೋದರು. "ಲೇ, ಇನ್ಮೇಲೆ ದಿನಾ ಹಾಡೋ."

"ಒಂದು ಬೆಳೆ ನೋಡಿ ಹಂಗೆಲ್ಲ ಹೇಳಕ್ಕಾಗಲ್ಲ ಭಾವ" ಎಂದ ನಮ್ಮ ಮಹಾಶಯ. "ಹಾಡದೇ ಇರೋ ಮನೇಲೂ ಸಾಕಿ ಹೋಲಿಸಬೇಕು." ತನಗೆ ಸಿಕ್ಕಿದ್ದ ಒಬ್ಬನೇ ಅಭಿಮಾನಿಯನ್ನೂ ಅಳೆದು ಪಕ್ಕಕ್ಕೆ ಎಸೆದುಬಿಟ್ಟ.

ಇಷ್ಟಾದರೂ ನಗಬಹುದಿತ್ತು. ಆದರೆ ಮದುವೆ? ಅಪ್ಪ ಅಮ್ಮ ಇಲ್ಲದ ಹುಡುಗ, ಅವನಿಗೊಂದು ಸಂಸಾರ ಮಾಡಿಕೊಡಬೇಕಾದವಳು ನಾನೇ. ಮುಳಬಾಗಿಲಿನವರು ಒಬ್ಬರು, ಕೋಲಾರದವರು ಒಬ್ಬರು, ಮೊಬೈಲಿನಲ್ಲಿ ಅವನ ಕುಣಿತ ನೋಡಿ ಹಿಂದೆ ಸರಿದರು. ಮೂರನೆಯ ಸಂಬಂಧ ಗೌನಿಪಲ್ಲಿಯದು. ಮಾವಿನ ತೋಟದ ಮನೆ, ಹುಡುಗಿ ಶಾಲೆಯಲ್ಲಿ ಟೀಚರು. ಫೋಟೋ ನೋಡಿಯೇ ನನಗೆ ಇಷ್ಟವಾಗಿಬಿಟ್ಟಿದ್ದಳು. ಇದೂ ತಪ್ಪಿದರೆ ಇವನು ಒಂಟಿಯಾಗಿಯೇ ಉಳಿದುಬಿಡುತ್ತಾನೆಂಬ ಭಯ ನನಗೆ. ಅವಳ ತಂದೆ ಫೋನಿನಲ್ಲಿ, "ಹುಡುಗ ಬಿಡುವಿದ್ದಾಗ ಏನ್ ಮಾಡ್ತಾನಮ್ಮಾ?" ಎಂದರು.

"ಹಾಡ್ತಾನೆ."

"ಏನ್ ಹಾಡ್ತಾನೆ?"

"ಭಜನೆ" ಎಂದುಬಿಟ್ಟಿತು ನನ್ನ ನಾಲಿಗೆ.

ಆ ಮನುಷ್ಯ ಊರಿನ ಭಜನೆ ತಂಡದ ಮುಖ್ಯಸ್ಥರೆಂದು ನನಗೇನು ಕನಸು ಬಿದ್ದಿತ್ತೇ! ನಾವು ಹೋಗಿ ಇಳಿಯುತ್ತೇವೆ, ಪಡಸಾಲೆಯಲ್ಲಿ ಜಮಖಾನ, ಹಾರ್ಮೋನಿಯಂ, ಮೃದಂಗ, ತಾಳ ಹಿಡಿದ ಎಂಟು ಜನ. ಹೆಣ್ಣು ನೋಡಲು ಹೋದರೆ ಹುಡುಗಿಯ ಕೈಲಿ ಹಾಡಿಸುವುದು ವಾಡಿಕೆ. ಇಲ್ಲಿ ಗಂಡನ್ನೇ ಜಮಖಾನದ ಮೇಲೆ ಕೂರಿಸಿದರು!

"ಏನೇ ಹೇಳಿದ್ದೆ ಇವ್ರಿಗೆ?" ಎಂದು ತಮ್ಮ ಪಿಸುಗುಟ್ಟಿದ. "ಏನಾದ್ರೂ ಹಾಡೋ, ದೇವರ ಹೆಸರು ಬಂದ್ರೆ ಸಾಕು" ಎಂದು ನಾನು ತಲೆ ತಗ್ಗಿಸಿದೆ. ಅವನಿಗೆ ಒಂದು ಭಜನೆಯೂ ಬರುವುದಿಲ್ಲ. ಮೃದಂಗದವರ ಕಡೆ ತಿರುಗಿ, ತೊಡೆ ತಟ್ಟಿ ತೋರಿಸಿ, "ಇದೇ ತಾಳ ಸಾರ್, ಸ್ವಲ್ಪ ಜೋರಾಗಿ" ಎಂದ. ಶುರು ಮಾಡೇಬಿಟ್ಟ!

ಅಲ್ಲಿಯವರೆಗೆ ಅವನ ಹಾಡಿನ ಒಂದು ಮಾತನ್ನೂ ನಾನು ಕಿವಿಗೊಟ್ಟು ಕೇಳಿದವಳಲ್ಲ. ಶುರುವಾದ ಕೂಡಲೇ ಎದ್ದು ಹೋಗುತ್ತಿದ್ದೆ. ಆ ದಿನ ಹೋಗಲು ದಾರಿಯಿರಲಿಲ್ಲ.

"ಪಿಯುಸಿ ಯಾಕ್ ಬಿಟ್ಟೆ ಅಂದ್ರೆ ತಲೆನೋವು ಅಂದ್ಲು ಅಕ್ಕ,
ಆ ತಲೆನೋವಿನ ಹೆಸ್ರು ನಾನೇ, ಈಗ ಗೊತ್ತಾಯ್ತು ಪಕ್ಕಾ.
ಕಂಡೋರ್ ತೋಟದ ಸೊಪ್ಪು ಕೊಯ್ದ್ಲು, ನಾನು ಕಲಿತೆ ಲೆಕ್ಕ,
ಇಂಜಿನಿಯರು ನಾನಲ್ಲ ಸಾರ್, ಇಂಜಿನಿಯರು ನಮ್ಮಕ್ಕ."

ಮೃದಂಗ ನಿಂತುಹೋಯಿತು. ತಾಳದವರು ತಾಳ ಎತ್ತಿಕೊಂಡೇ ಕೂತಿದ್ದರು. ಅಪ್ಪ ಅಮ್ಮ ಹೋದ ವರ್ಷ ಇವನಿಗೆ ಹತ್ತು ವಯಸ್ಸು. ಇವನು ಓದಲಿ ಎಂದು ನಾನು ಕಾಲೇಜು ಬಿಟ್ಟೆ. ಅದನ್ನು ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. ಇವನು ಯಾವಾಗ ತಿಳಿದುಕೊಂಡನೋ!

ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಮೊದಲು ಬಾಯಿ ಬಿಟ್ಟು, ಇದು ಯಾವ ದೇವರ ಭಜನೆಯೆಂದು ತೆಲುಗಿನಲ್ಲಿ ಕೇಳಿದರು. "ಏ ದೇವುಡಿ ಭಜನ ನಾಯನಾ ಇದಿ?"

"ಹುತ್ತೂರಿನ ದೇವ್ರು ಅವ್ವ" ಎಂದ ಇವನು. "ಬಯ್ಯೋದು ಜಾಸ್ತಿ."

ಯಾರೋ ನಕ್ಕರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಅವನತ್ತ ನೋಡಲೂ ಇಲ್ಲ. ನೇರವಾಗಿ ನನ್ನ ಪಕ್ಕ ಬಂದು ಕೂತಳು.

"ಅಕ್ಕ, ಅವರು ಹಾಡಿದ್ದು ನಿಜಾನಾ?"

"ಇಲ್ಲಮ್ಮ, ನಂಗೆ ನಿಜವಾಗ್ಲೂ ತಲೆನೋವೇ ಇತ್ತು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಅವಳು ನನ್ನ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ತಂದೆಯ ಕಡೆ ತಿರುಗಿ, "ನಾನ್ನಾ, ನಂಗೆ ಈ ಮನೆ ಒಪ್ಪಿಗೆ" ಅಂದಳು.