ಸ್ಪೀಕರ್ ಬೇಕಾಗಿದ್ದು ನನಗ, ಕೇಳೋದು ಸಾಹೇಬರನ್ನ

ನಾ ಅಂಗಡಿ ಮೆಟ್ಟಿಲು ಹತ್ತಿದ್ರ ಸಾಕು, ಇಂಥದ್ದೊಂದು ಆಗೇ ಆಗ್ತದ. ಸೀರಿ ತಗೊಳಾಕ ಹೋದ್ರ "ಬರ್ರಿ ಅಕ್ಕಾ, ಕೂಡ್ರಿ ಅಕ್ಕಾ" ಅಂತ ನೀರು ಕೊಡ್ತಾರ. ವಾಯರ್ ಇರೋ ಸಾಮಾನು ಕೇಳಿದೆ ಅಂದ್ರ ಮಾತ್ರ ನನ್ನ ಬಿಟ್ಟು ನನ್ನ ಬೆನ್ನ ಹಿಂದ ನೋಡ್ತಾರ, ಗಂಡಸು ಯಾರರ ಬಂದಾರೇನಂತ. ಮೂವತ್ತೊಂದು ವರ್ಷ ಸ್ಕೂಲಿನಾಗ ಫಿಜಿಕ್ಸ್ ಕಲಿಸಿದಾಕಿ ನಾನು! ಕರೆಂಟು ಹ್ಯಾಂಗ ಹರೀತದ ಅಂತ ಜಹೀರಾಬಾದಿನ ಅರ್ಧ ಊರಿಗಿ ನಾನೇ ಹೇಳಿಕೊಟ್ಟೀನಿ.

ರಿಟೈರ್ ಆದಮ್ಯಾಲ ನನಗ ಒಂದೇ ಆಸೆ ಇತ್ತು. ನನ್ನ ತವರೂರು ಕಲ್ಹೇರದ ಮನಿಯಾಗ ನಮ್ಮವ್ವ ಜ್ವಾಳ ಬೀಸಕೋತ ಹಾಡಿದ ಪದ, ನನ್ನ ಮದುವಿ ಆದ ಹೊಸದಾಗ ಕ್ಯಾಸೆಟ್‌ನಾಗ ತುಂಬಿಕೊಂಡಿದ್ದೆ. ಅವ್ವ ಹೋಗಿ ಒಂಬತ್ತು ವರ್ಷ ಆತು. ಆ ಹಾಡು ಈಗ ಪೆನ್‌ಡ್ರೈವ್‌ನಾಗ ಅದ. ಮೊಬೈಲ್‌ನಾಗ ಹಚ್ಚಿದ್ರ ಅವ್ವನ ದನಿ ಸಣ್ಣಗ ಬರ್ತದ, ಬೀಸೋ ಕಲ್ಲಿನ ಘರ್ರ್ ಅನ್ನೋ ಸಪ್ಪಳ ಬರಂಗೇ ಇಲ್ಲ. ನಡುವ ಹಾಡು ನಿಲ್ಲಿಸಿ ಅವ್ವ ದೂರ ಮಾರಿ ಮಾಡಿ ಏನೋ ಅಂತಾಳ, ಅದೂ ತಿಳಿಯಂಗಿಲ್ಲ. ನೆಲದ ಮ್ಯಾಲ ನಿಂದ್ರೋ ಎದಿಮಟ ಎತ್ತರದ ಸ್ಪೀಕರ್ ಎರಡು, ಅವಕ್ಕೊಂದು ಚಲೋ ರಿಸೀವರ್ ಇದ್ರ ಎಲ್ಲಾ ಕೇಳ್ತದ. ರೊಕ್ಕ ನನ್ನದು, ಅವ್ವ ನನ್ನಾಕಿ, ಕಿವಿ ನನ್ನವು. ಇದರಾಗ ಸಾಹೇಬರು ಎಲ್ಲಿಂದ ಬಂದ್ರು?

ಸಾಬ್ ಎಲ್ಲಿ?

ಮೊದಲು ನಮ್ಮ ಜಹೀರಾಬಾದಿನ ಅಂಗಡಿಗೇ ಹೋದೆ. ಒಬ್ಬಾಕಿನೇ ಹೋಗಿದ್ದೆ.

"ಸಾಬ್ ನೈ ಆಯೇ ಕ್ಯಾ ಅಮ್ಮಾ?" ಅಂದ ಅಂಗಡಿಯವ.

"ಸಾಬ್ ಮನಿಯಾಗ ಅದಾರ. ಸ್ಪೀಕರ್ ನನಗ ಬೇಕು. ಈ ಪೆನ್‌ಡ್ರೈವ್ ಹಚ್ಚಿ ಕೇಳಸ್ರಿ" ಅಂದೆ.

"ಹಚ್ಚೋಣ್ರಿ. ಆದ್ರ ಇದು ದೊಡ್ಡ ಸಾಮಾನು. ಆವಾಜ್ ಹ್ಯಾಂಗ ಅದ ಅಂತ ಸಾಬ್ ಬಂದು ಕೇಳಬೇಕಲ್ರಿ?"

ನನಗ ಮೈಯೆಲ್ಲಾ ಉರೀತು. ನಮ್ಮನಿಯವರ ಎರಡೂ ಕಿವಿ ಮಂದ. ಮಷೀನ್ ಹಾಕೋತಾರ. ಗದ್ದಲ ಇದ್ದಲ್ಲಿ ಅದನ್ನೂ ತೆಗದು ಕಿಸೆದಾಗ ಇಟ್ಕೋತಾರ. "ಅವರಿಗಿ ಕಿವಿನೇ ಕೇಳಂಗಿಲ್ಲಪಾ, ಅವರು ಬಂದು ಏನು ಕೇಳ್ಬೇಕು?" ಅಂತ ಬಿಡಿಸಿ ಹೇಳಿದೆ.

ಅವ ಗದ್ದ ಕೆರಕೊಂಡು ಚೊಲೋತ್ನಂಗ ವಿಚಾರ ಮಾಡಿದ. ಆಮ್ಯಾಲ ಅಂದ: "ಪರವಾ ನೈ ಅಮ್ಮಾ, ಕರ್ಕೊಂಡು ಬರ್ರಿ. ಜೋರಾಗಿ ಹಚ್ಚೋಣ."

ಎಷ್ಟು ಓಮ್?

ನಾರಾಯಣಖೇಡಕ್ಕ ಹೋಗೋ ಮುಂದ ನಮ್ಮನಿಯವರನ್ನ ಕರ್ಕೊಂಡೇ ಹೋದೆ. ಈ ಅಂಗಡಿಯವರಿಗಿ ಗಂಡಸೇ ಬೇಕಲ್ಲಾ, ನೋಡ್ಲಿ ಅಂತ.

"ಕೂರ್ಚೋಂಡಿ ಸಾರ್" ಅಂತ ಅವರಿಗಿ ಕುರ್ಚಿ ಬಂತು. ನಾ ನಿಂತೇ ಇದ್ದೆ. ಅಂಗಡಿಯವ ಪೆನ್‌ಡ್ರೈವ್ ಕೈಯಾಗೂ ಹಿಡಿಯಲಿಲ್ಲ, "ಅದು ಆಮ್ಯಾಲ ಅಮ್ಮಾ" ಅಂದು ತನ್ನದೊಂದು ಡಿಜೆ ಹಾಡು ಹಚ್ಚಿದ. ಕಿಟಕಿ ಗಾಜು ಥರಥರ ಅಂದ್ವು. ನಮ್ಮನಿಯವರು ಎರಡೂ ಮಷೀನ್ ತೆಗದು ಕಿಸೆದಾಗ ಹಾಕಿ, ಬಿಸಿಲಾಗಿಂದ ನೆಳ್ಳಿಗಿ ಬಂದವರಂಗ ಕಣ್ಣು ಮುಚ್ಚಿ ತಲಿ ಆಡಸಕೋತ ಕುಂತ್ರು.

"ಸಾರ್‌ಗಿ ಸಂಗೀತದ ಜ್ಞಾನ ಎಷ್ಟದ ನೋಡ್ರಿ ಅಮ್ಮಾ!" ಅಂದ ಅವ.

ಹಲ್ಲು ಕಚ್ಚಿ ತಡಕೊಂಡೆ. ಸ್ಪೀಕರ್ ಕರೆಂಟಿಗಿ ಎಷ್ಟು ಅಡ್ಡಿ ಮಾಡ್ತದ ಅನ್ನೋದನ್ನ ಓಮ್ ಲೆಕ್ಕದಾಗ ಹೇಳ್ತಾರ. ಅದು ರಿಸೀವರಿಗಿ ಹೊಂದಬೇಕು, ಇಲ್ಲಂದ್ರ ರಿಸೀವರ್ ಕಾದು ಸುಡ್ತದ. ಅದಕ್ಕ ಕೇಳಿದೆ: "ಇದು ನಾಲ್ಕು ಓಮಿಂದೋ, ಎಂಟು ಓಮಿಂದೋ?"

ಅವ ನನ್ನ ಹಣಿ ಮ್ಯಾಲಿನ ವಿಭೂತಿ ನೋಡಿದ. ಮುಖದ ಮ್ಯಾಲ ಭಕ್ತಿ ಬಂತು. "ಮೊದಲೇ ಹೇಳಬಾರದೇನಮ್ಮಾ!" ಅಂದು ಒಳಗ ಹೋಗಿ ಅಂಗೈಯಷ್ಟು ಬಿಳಿ ಡಬ್ಬಿ ತಂದು ಗುಂಡಿ ಒತ್ತಿದ. ಡಬ್ಬಿ "ಓಂ ನಮಃ ಶಿವಾಯ" ಅನ್ನಾಕ ಶುರು ಮಾಡ್ತು.

"ನಾಲ್ಕು, ಎಂಟು ಅಂತ ಯಾಕ ಲೆಕ್ಕ ಇಡ್ತೀರಿ ಅಮ್ಮಾ? ಇದು ಲಕ್ಷ ಸಲ ಅಂತದ. ಕರೆಂಟು ಹೋದ್ರೂ ನಿಲ್ಲಂಗಿಲ್ಲ!"

ರಿಸೀವರ್ ಅಂದ್ರ

ಉರಕೋತ ಮನಿಗಿ ಬಂದ್ರ ಬಾಜೂ ಮನಿಯಾಕಿ ಬಂದು ಕುಂತ್ಳು. "ರಿಸೀವರ್ ಹುಡುಕ್ಲಾಕ ಊರೂರು ತಿರಗ್ತೀರಂತ? ಈಗ ಲ್ಯಾಂಡ್‌ಲೈನ್ ಫೋನ್ ಯಾರು ಇಟ್ಟಾರ್ರೀ ಟೀಚರ?" ಅಂದ್ಳು.

ಫೋನಿಂದಲ್ಲವಾ, ಅಂತ ಸಮಾಧಾನದಿಂದ ತಿಳಿಸಿ ಹೇಳಿದೆ. ಟಿವಿ, ರೇಡಿಯೋ, ಮೊಬೈಲ್, ಎಲ್ಲಾ ಕಡಿಂದ ಬರೋ ಸಣ್ಣ ಸಪ್ಪಳ ಅದು ತಗೋತದ, ದೊಡ್ಡದು ಮಾಡ್ತದ, ಸ್ಪೀಕರಿಗಿ ಕಳಸ್ತದ.

"ಅಷ್ಟೇ ಏನ್ರಿ?" ಅಂದ್ಳು. "ನಮ್ಮನಿಯಾಗ ಅದ ಬಿಡ್ರಿ. ನಮ್ಮತ್ತಿ."

ಬ್ಯಾಡ್ರಿ ಅತ್ತಿ

ತಾಂಡೂರಿಗಿ ಹೋದ ದಿನ ನಾ ಮನಿಯಾಗೇ ತೀರ್ಮಾನ ಮಾಡ್ಕೊಂಡು ಹೊಂಟಿದ್ದೆ. ಇವತ್ತು ಅವ್ವನ ದನಿ ಕೇಳದ ಹೊರತು ವಾಪಸ್ ಬರಂಗಿಲ್ಲ.

ಅಂಗಡಿ ಮಾಲಕ ನಮ್ಮ ಕಡಿ ಮಾತಿನವ್ರೇ, ವಯಸ್ಸಾದವ್ರು. ಹೊಸಲು ದಾಟೋದ್ರಾಗ ಕೇಳಿದ್ರು: "ಯಜಮಾನ್ರು ಬಂದಿಲ್ಲೇನ್ರಿ ಅಕ್ಕಾವ್ರ?"

ದಖ್ಖನಿ ಆತು, ತೆಲುಗು ಆತು, ಈಗ ಕನ್ನಡದಾಗೂ ಆತು!

"ಯಜಮಾನ್ರು ಎದುರಿನ ಹೋಟೆಲ್‌ದಾಗ ಚಾ ಕುಡ್ಯಾಕ ಹೋಗ್ಯಾರ. ಅಲ್ಲೇ ಇರ್ಲಿ. ನೋಡ್ರಿ, ನಿಮ್ಮ ಹಾಡು ನನಗ ಬ್ಯಾಡ. ಈ ಪೆನ್‌ಡ್ರೈವ್ ಹಚ್ಚೋತನಕ ನಾ ಈ ಕುರ್ಚಿ ಬಿಟ್ಟು ಏಳಂಗಿಲ್ಲ" ಅಂದು ಕುಂತೇಬಿಟ್ಟೆ.

ಅವರು ನನ್ನ ಮಾರಿ ನೋಡಿದ್ರು. ಪೆನ್‌ಡ್ರೈವ್ ತಗೊಂಡು ರಿಸೀವರಿಗಿ ಹಚ್ಚಿದ್ರು, ಬಾಗಿಲು ಹಾಕಿದ್ರು.

ಮೊದಲು ಕಲ್ಲು ಬಂತು. ಘರ್ರ್, ಘರ್ರ್ ಅಂತ, ನೆಲಕ್ಕ ಹಾಸಿದ ಪರಶಿಯಿಂದ ಅಂಗಾಲಿಗಿ ಹತ್ತಿತು. ಅದರ ಮ್ಯಾಲ ಅವ್ವನ ದನಿ. ಕೈಯಾಗಿನ ಬಳಿ ಸಪ್ಪಳ ಸೈತ ಕೇಳ್ತು. ನನಗ ಅಳು ತಡೀಲಿಲ್ಲ. ಸೆರಗು ಬಾಯಿಗಿ ಹಿಡಕೊಂಡು ಕುಂತೆ.

ಅಷ್ಟರಾಗ ನಮ್ಮನಿಯವರು ಬಾಗಿಲು ತೆಗದು ಒಳಗ ಬಂದ್ರು. ಡಿಜೆ ಗದ್ದಲ ಇರಲಿಲ್ಲಲ್ಲ, ಮಷೀನ್ ಕಿವಿಯಾಗೇ ಇದ್ವು. ಅದೇ ಹೊತ್ತಿಗಿ ಕಲ್ಲು ನಿಂತು, ಇಷ್ಟು ವರ್ಷ ನನಗ ತಿಳೀದಿದ್ದ ಆ ಮಾತು ಸ್ಪೀಕರಿನಾಗಿಂದ ಸ್ವಚ್ಛ ಬಂತು: "ಯಾರು, ಅಳಿಯಂದ್ರಾ? ಬರ್ರಿ, ಕೂಡ್ರಿ. ಚಾ ಮಾಡ್ತೀನಿ."

ನಮ್ಮನಿಯವರು ಅಲ್ಲೇ ಹೊಸಲಾಗ ಚಪ್ಪಲಿ ಬಿಟ್ರು, ಅಂಗಿ ಗುಂಡಿ ಹಾಕ್ಕೊಂಡ್ರು, ಸ್ಪೀಕರಿಗಿ ಕೈ ಮುಗದು ಅಂದ್ರು: "ಬ್ಯಾಡ್ರಿ ಅತ್ತಿ, ಈಗ ಕುಡದೇ ಬಂದೀನಿ."

ಕಲ್ಲು ಮತ್ತ ತಿರಗಾಕ ಹತ್ತಿತು. ನಾ ಅಳಕೋತ ನಕ್ಕೆ, ನಕ್ಕೋತ ಅತ್ತೆ. ಇನ್ನೇನು ಪರೀಕ್ಷಾ ಬೇಕು? ಇವೇ ಸ್ಪೀಕರ್, ಇದೇ ರಿಸೀವರ್.

ಬಾಯಿ ಬಿಟ್ಟು ಅದನ್ನ ಹೇಳಬೇಕನ್ನೋದ್ರಾಗ ಮಾಲಕರು ಕಣ್ಣು ಒರಸಿಕೊಂಡು ತಿರಗಿದ್ರು. ನನ್ನ ಕಡಿ ಅಲ್ಲ, ನಮ್ಮನಿಯವರ ಕಡಿ!

"ಹಂಗಾದ್ರ ಯಜಮಾನ್ರ, ಇದೇ ಪಸಂದ್ ಆತೇನ್ರಿ?"

ಮೂರು ಊರಿನ ಸಿಟ್ಟು ಒಮ್ಮೆಲೇ ನೆತ್ತಿಗಿ ಏರಿತು. ನಾ ಕುರ್ಚಿ ಬಿಟ್ಟು ಎದ್ದೆ. ಅಷ್ಟರಾಗ ನಮ್ಮನಿಯವರೇ ಎರಡೂ ಕೈ ಎತ್ತಿಬಿಟ್ರು.

"ನನ್ನ ಯಾಕ ಕೇಳ್ತೀರಿ ಮಾರಾಯ್ರ? ಡಬ್ಬಿ ಒಳಗ ನಮ್ಮತ್ತಿ ಅದಾರ, ಹೊರಗ ಈಕಿ ನಿಂತಾಳ. ಇವರಿಬ್ಬರ ನಡುವ ನನ್ನ ಮಾತು ಎಂದು ನಡದದ?"